ತಿಳಿಯುವ ಭಾಷೆಯಲ್ಲಿ: ಇಚ್ಛೆಯಿಲ್ಲದ ಮನೋವೈದ್ಯಕೀಯ ದಾಖಲಾತಿ ಮತ್ತು ಗಡಿನಾಡ ಕನ್ನಡ ರೋಗಿಯ ಹಕ್ಕುಗಳು

ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಇದರ 22ನೇ ಕಲಂ ಗಾತ್ರದಲ್ಲಿ ಚಿಕ್ಕದು. ಮಾನಸಿಕ ಅನಾರೋಗ್ಯವುಳ್ಳ ವ್ಯಕ್ತಿಗೂ ಆತನ ನಾಮನಿರ್ದೇಶಿತ ಪ್ರತಿನಿಧಿಗೂ ನಾಲ್ಕು ಸಂಗತಿಗಳನ್ನು ಪಡೆಯುವ ಹಕ್ಕಿದೆ ಎಂದು ಅದು ಹೇಳುತ್ತದೆ: ಯಾವ ಕಾನೂನಿನ ಯಾವ ಉಪಬಂಧದಡಿಯಲ್ಲಿ ದಾಖಲು ಮಾಡಲಾಗಿದೆ ಎಂಬ ತಿಳಿವಳಿಕೆ; ಆ ದಾಖಲಾತಿಯನ್ನು ಪುನರಾವಲೋಕಿಸುವಂತೆ ಮಂಡಳಿಗೆ ಅರ್ಜಿ ಸಲ್ಲಿಸಬಹುದೆಂಬ ತಿಳಿವಳಿಕೆ; ರೋಗದ ಸ್ವರೂಪ ಮತ್ತು ಉದ್ದೇಶಿತ ಚಿಕಿತ್ಸೆಯ ವಿವರ; ಕೊನೆಯದಾಗಿ, ಇವೆಲ್ಲವನ್ನೂ ತನಗೆ ಅರ್ಥವಾಗುವ ಭಾಷೆಯಲ್ಲಿ ಮತ್ತು ರೂಪದಲ್ಲಿ ಪಡೆಯುವ ಹಕ್ಕು. ಕಾಯ್ದೆಯ ವ್ಯಾಖ್ಯಾನಕಾರರು ಮೊದಲ ಮೂರನ್ನು ವಿಸ್ತಾರವಾಗಿ ಚರ್ಚಿಸಿ ನಾಲ್ಕನೆಯದನ್ನು ಬಹುಮಟ್ಟಿಗೆ ಔಪಚಾರಿಕ ಉಪವಾಕ್ಯವೆಂಬಂತೆ ದಾಟಿಹೋಗುವುದುಂಟು. ಆದರೆ ತನ್ನ ರಾಜ್ಯದ ಆಡಳಿತಭಾಷೆಯಲ್ಲದ ನುಡಿಯನ್ನು ಮನೆಮಾತಾಗಿ ಉಳಿಸಿಕೊಂಡವರ ಪಾಲಿಗೆ ನಾಲ್ಕನೆಯ ಹಕ್ಕೇ ಉಳಿದ ಮೂರರ ಬಾಗಿಲು. ಆ ಬಾಗಿಲು ತೆರೆಯದಿದ್ದರೆ ಒಳಗಿರುವ ಹಕ್ಕುಗಳು ಇದ್ದೂ ಇಲ್ಲದಂತೆ.

ಕಾಸರಗೋಡಿನಿಂದ ಆದವಾನಿಯವರೆಗೆ, ತಾಳವಾಡಿಯಿಂದ ಜತ್ತದವರೆಗೆ ಹರಡಿಕೊಂಡಿರುವ ಗಡಿನಾಡ ಕನ್ನಡ ಸಮುದಾಯಗಳ ಭಾಷಾಹಕ್ಕಿನ ಚರ್ಚೆ ಈವರೆಗೆ ಮುಖ್ಯವಾಗಿ ಶಾಲೆ, ಪಠ್ಯಪುಸ್ತಕ, ನೇಮಕಾತಿ ಮತ್ತು ಕಚೇರಿ ವ್ಯವಹಾರಗಳ ಸುತ್ತ ನಡೆದಿದೆ. ಆಸ್ಪತ್ರೆಯ ವಾರ್ಡು, ಅದರಲ್ಲೂ ಒಳಗಿರುವವನು ತನ್ನಿಚ್ಛೆಯಿಂದ ಹೊರಬರಲಾಗದ ವಾರ್ಡು, ಆ ಚರ್ಚೆಯಲ್ಲಿ ಅಪರೂಪ. ಆ ಕೊರತೆಯನ್ನು ತುಂಬಬೇಕಾದರೆ ಮೊದಲು ಕಾನೂನಿನ ವಿನ್ಯಾಸವನ್ನೂ, ಅದರೊಳಗೆ ಭಾಷೆ ಎಲ್ಲೆಲ್ಲಿ ಅಡಗಿದೆ ಎಂಬುದನ್ನೂ ಅರಿಯಬೇಕಾಗುತ್ತದೆ.

1. ‘ಲುನಾಟಿಕ್’ ಪದದಿಂದ ಹಕ್ಕುಳ್ಳ ವ್ಯಕ್ತಿಯವರೆಗೆ

1912ರ ಭಾರತೀಯ ಲುನಸಿ ಕಾಯ್ದೆ ಮನೋರೋಗಿಯನ್ನು ಸಮಾಜದಿಂದ ಬೇರ್ಪಡಿಸಿ ಇಡಬೇಕಾದ ವಸ್ತುವೆಂಬಂತೆ ಕಂಡಿತು. ಸ್ವಾತಂತ್ರ್ಯಾನಂತರವೂ ದಶಕಗಳ ಕಾಲ ಅದೇ ಮುಂದುವರಿದು, ಅದರ ಸ್ಥಾನಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆ 1993ರಲ್ಲಷ್ಟೇ ಜಾರಿಗೊಂಡಿತು. ಅದು ಪದಗಳನ್ನು ಮೃದುಗೊಳಿಸಿತಾದರೂ, ಸಂಬಂಧಿ ಅಥವಾ ಸ್ನೇಹಿತನ ಕೋರಿಕೆ ಮತ್ತು ಇಬ್ಬರು ವೈದ್ಯರ ಪ್ರಮಾಣಪತ್ರಗಳ ಬಲದಿಂದ ಒಬ್ಬ ವ್ಯಕ್ತಿಯನ್ನು 90 ದಿನಗಳವರೆಗೆ ಇರಿಸಿಕೊಳ್ಳಲು ಅವಕಾಶವಿತ್ತು. ಅದೇ 1993ರಲ್ಲಿ ಶೀಲಾ ಬರ್ಸೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಕಾರಾಗೃಹದಲ್ಲಿಡುವುದು ಕಾನೂನುಬಾಹಿರ ಮತ್ತು ಅಸಾಂವಿಧಾನಿಕ ಎಂದು ಘೋಷಿಸಬೇಕಾಯಿತು.

2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಿತು. ಸರಪಳಿಗಳಿಂದ ಬಿಗಿಯಲ್ಪಟ್ಟಿದ್ದ ರೋಗಿಗಳು ತಪ್ಪಿಸಿಕೊಳ್ಳಲಾಗದೆ 28 ಮಂದಿ ಸತ್ತರು. ಸರ್ವೋಚ್ಚ ನ್ಯಾಯಾಲಯ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. 2007ರಲ್ಲಿ ಭಾರತವು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿದ ಮೇಲೆ ಹಳೆಯ ಕಾಯ್ದೆಯನ್ನು ಬದಲಿಸುವುದು ಅನಿವಾರ್ಯವಾಯಿತು. 2017ರಲ್ಲಿ ಅಂಗೀಕಾರಗೊಂಡು 2018ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯು ರೋಗಿಯನ್ನು ಹಕ್ಕುಗಳ ಧಾರಕನೆಂದು ಪರಿಗಣಿಸಿತು. ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು 95ನೇ ಕಲಂ ನಿಷೇಧಿಸಿತು. ಬಲವಂತವಾಗಿ ತಲೆ ಬೋಳಿಸದಿರುವುದು, ಇಚ್ಛೆಯಿದ್ದರೆ ತನ್ನದೇ ಬಟ್ಟೆ ತೊಡುವುದು, ಸಂಭಾವನೆಯಿಲ್ಲದ ದುಡಿಮೆಗೆ ಒಳಪಡದಿರುವುದು ಮುಂತಾದ ಸಂಗತಿಗಳು 20ನೇ ಕಲಂನಲ್ಲಿ ಹಕ್ಕುಗಳಾಗಿ ಬರೆಯಲ್ಪಟ್ಟವು.

2. ಬೆಂಬಲಿತ ದಾಖಲಾತಿಯ ವಿಧಿವಿಧಾನ

ಹೊಸ ಕಾಯ್ದೆಯಲ್ಲಿ ‘ಇಚ್ಛೆಯಿಲ್ಲದ ದಾಖಲಾತಿ’ ಎಂಬ ಪದವಿಲ್ಲ. ಅದರ ಸ್ಥಾನದಲ್ಲಿ ‘ಬೆಂಬಲಿತ ದಾಖಲಾತಿ’ ಎಂಬ ಪರಿಕಲ್ಪನೆಯಿದೆ. 89ನೇ ಕಲಂ ಪ್ರಕಾರ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಸಲ್ಲಿಸಬೇಕು. ದಾಖಲಾತಿಯ ದಿನ ಅಥವಾ ಅದರ ಹಿಂದಿನ 7 ದಿನಗಳೊಳಗೆ ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರ ಅಥವಾ ವೈದ್ಯ, ಇಬ್ಬರೂ ಪ್ರತ್ಯೇಕವಾಗಿ ವ್ಯಕ್ತಿಯನ್ನು ಪರೀಕ್ಷಿಸಿರಬೇಕು. ಆತ ತನಗೆ ದೈಹಿಕ ಹಾನಿ ಮಾಡಿಕೊಳ್ಳುವ ಬೆದರಿಕೆ ಹಾಕಿದ್ದಾನೆ ಅಥವಾ ಯತ್ನಿಸಿದ್ದಾನೆ. ಇತರರ ಮೇಲೆ ಹಿಂಸೆಗಿಳಿದಿದ್ದಾನೆ ಅಥವಾ ಅಂಥ ಭಯ ಹುಟ್ಟಿಸಿದ್ದಾನೆ. ಅಪಾಯಕ್ಕೀಡಾಗುವಷ್ಟು ಮಟ್ಟಿಗೆ ತನ್ನನ್ನು ತಾನು ನೋಡಿಕೊಳ್ಳಲು ಅಸಮರ್ಥನಾಗಿದ್ದಾನೆ — ಈ ಮೂರರಲ್ಲಿ ಒಂದಾದರೂ ಇದೆಯೆಂದು ಇಬ್ಬರೂ ತೀರ್ಮಾನಿಸಬೇಕು. ಇದಕ್ಕಿಂತ ಕಡಿಮೆ ನಿರ್ಬಂಧದ ಮಾರ್ಗ ಇಲ್ಲವೆಂಬುದೂ ಖಚಿತವಾಗಬೇಕು. ಈ ದಾಖಲಾತಿಯ ಗರಿಷ್ಠ ಅವಧಿ 30 ದಿನ.

ಇದಕ್ಕೆ ಪ್ರತಿಯಾಗಿ ರಕ್ಷಣೆಗಳಿವೆ. ಮಹಿಳೆ ಅಥವಾ ಅಪ್ರಾಪ್ತರನ್ನು ದಾಖಲಿಸಿದರೆ 3 ದಿನಗಳೊಳಗೆ, ಇತರರನ್ನು ದಾಖಲಿಸಿದರೆ 7 ದಿನಗಳೊಳಗೆ ಮಾನಸಿಕ ಆರೋಗ್ಯ ಪುನರಾವಲೋಕನ ಮಂಡಳಿಗೆ ವರದಿ ಹೋಗಬೇಕು. ಜಿಲ್ಲಾ ನ್ಯಾಯಾಧೀಶ ದರ್ಜೆಯವರ ಅಧ್ಯಕ್ಷತೆಯ ಈ ಮಂಡಳಿಯಲ್ಲಿ ಜಿಲ್ಲಾಡಳಿತದ ಪ್ರತಿನಿಧಿ, ಒಬ್ಬ ಮನೋವೈದ್ಯ, ಒಬ್ಬ ವೈದ್ಯ, ಮತ್ತು ರೋಗಾನುಭವವುಳ್ಳವರು, ಆರೈಕೆದಾರರು ಅಥವಾ ಅವರ ಸಂಘಟನೆಗಳನ್ನು ಪ್ರತಿನಿಧಿಸುವವರ ಪೈಕಿ ಇಬ್ಬರು ಇರುತ್ತಾರೆ. ರೋಗಿಯಾಗಲಿ, ಆತನ ಪ್ರತಿನಿಧಿಯಾಗಲಿ, ರೋಗಿಯ ಒಪ್ಪಿಗೆ ಪಡೆದ ನೋಂದಾಯಿತ ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿಯಾಗಲಿ ಈ ಮಂಡಳಿಯ ಮುಂದೆ ದಾಖಲಾತಿಯನ್ನು ಪ್ರಶ್ನಿಸಬಹುದು. ಅಂಥ ಅರ್ಜಿಯನ್ನು 7 ದಿನಗಳಲ್ಲಿ ತೀರ್ಮಾನಿಸಬೇಕು. ತೀರ್ಪು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿಯುಂಟು. 30 ದಿನಗಳನ್ನು ಮೀರಿದ ದಾಖಲಾತಿಗೆ 90ನೇ ಕಲಂ ಅನ್ವಯಿಸುತ್ತದೆ. ಅದರಲ್ಲಿ ಇಬ್ಬರು ಮನೋವೈದ್ಯರ ಪ್ರತ್ಯೇಕ ಪರೀಕ್ಷೆ ಮತ್ತು ಮಂಡಳಿಯ ಅನುಮತಿ ಅಗತ್ಯ. ಅವಧಿ ಮೊದಲು 90 ದಿನ, ಬಳಿಕ 120, ಆಮೇಲೆ ತಲಾ 180 ದಿನಗಳಂತೆ ಬೆಳೆಯಬಹುದು.

ಈ ಅಂಕಿಗಳನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ರಕ್ಷಣೆಯೆಲ್ಲವೂ ದಿನಗಳ ಲೆಕ್ಕದಲ್ಲಿದೆ, ಮತ್ತು ಬಹುಪಾಲು ರಕ್ಷಣೆಗಳು ರೋಗಿ ಬಾಯಿ ತೆರೆದು ಕೇಳಿದಾಗ ಮಾತ್ರ ಚಲಿಸತೊಡಗುತ್ತವೆ. ಕೇಳಬಹುದೆಂದು ತಿಳಿಯದವನು ಕೇಳುವುದಿಲ್ಲ. ತಿಳಿಸುವ ಭಾಷೆ ಅರ್ಥವಾಗದವನಿಗೆ ತಿಳಿಯುವುದೂ ಇಲ್ಲ.

3. ಸಾಮರ್ಥ್ಯದ ಪರೀಕ್ಷೆಯೊಳಗೆ ಅಡಗಿದ ಭಾಷೆ

ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಸಾಮರ್ಥ್ಯವನ್ನು 4ನೇ ಕಲಂ ನಿರೂಪಿಸುತ್ತದೆ: ಸಂಬಂಧಪಟ್ಟ ಮಾಹಿತಿಯನ್ನು ಗ್ರಹಿಸುವುದು, ನಿರ್ಧಾರದ ಊಹಿಸಬಹುದಾದ ಪರಿಣಾಮಗಳನ್ನು ಅರಿಯುವುದು, ಮಾತು, ಮುಖಭಾವ, ಸನ್ನೆ ಅಥವಾ ಬೇರೆ ಯಾವುದೇ ವಿಧಾನದಿಂದ ನಿರ್ಧಾರವನ್ನು ತಿಳಿಸುವುದು. ಗ್ರಹಿಕೆ ಮತ್ತು ಸಂವಹನಗಳೆರಡೂ ಭಾಷಿಕ ಕ್ರಿಯೆಗಳೇ. ಆದುದರಿಂದಲೇ ಅದೇ ಕಲಂ, ಮಾಹಿತಿಯನ್ನು ವ್ಯಕ್ತಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಅಥವಾ ಸಂಜ್ಞೆ, ಚಿತ್ರ ಮುಂತಾದ ಸಾಧನಗಳ ಮೂಲಕ ನೀಡಬೇಕೆಂದು ವಿಧಿಸುತ್ತದೆ. ವ್ಯಕ್ತಿಯ ನಿರ್ಧಾರ ಇತರರಿಗೆ ತಪ್ಪಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಆತನಿಗೆ ಸಾಮರ್ಥ್ಯವಿಲ್ಲವೆಂದು ಹೇಳಲಾಗದು ಎಂಬ ಎಚ್ಚರಿಕೆಯೂ ಅಲ್ಲಿದೆ.

ದೇಹದ ರೋಗಕ್ಕೂ ಮನಸ್ಸಿನ ರೋಗಕ್ಕೂ ಇಲ್ಲಿ ಮೂಲಭೂತ ವ್ಯತ್ಯಾಸವಿದೆ. ಮುರಿದ ಮೂಳೆಯನ್ನು ಕ್ಷ-ಕಿರಣ ತೋರಿಸುತ್ತದೆ. ರೋಗಿಯ ಭಾಷೆ ವೈದ್ಯನಿಗೆ ಬಾರದಿದ್ದರೂ ಮೂಳೆ ಮುರಿದೇ ಇರುತ್ತದೆ. ಮನೋವೈದ್ಯಕೀಯದಲ್ಲಿ ರೋಗಿಯ ಮಾತೇ ಪ್ರಮುಖ ಸಾಕ್ಷ್ಯ. ಮಾತಿನ ವೇಗ, ಸುಸಂಬದ್ಧತೆ, ವಿಷಯಾಂತರ, ಮೌನ ಇವೆಲ್ಲವೂ ಲಕ್ಷಣಗಳಾಗಿ ದಾಖಲಾಗುತ್ತವೆ. ಅಮೂರ್ತ ಚಿಂತನೆಯನ್ನು ಅಳೆಯಲು ಗಾದೆಯೊಂದರ ಅರ್ಥ ಕೇಳುವ ರೂಢಿಯಿದೆ. ಕನ್ನಡದ ಮನೆಯಲ್ಲಿ ಬೆಳೆದವನಿಗೆ ಮಲಯಾಳ ಅಥವಾ ತಮಿಳಿನ ಗಾದೆಯನ್ನು ಒಡ್ಡಿ, ಆತ ಅಕ್ಷರಶಃ ಅರ್ಥವನ್ನಷ್ಟೇ ಹೇಳಿದರೆ, ಅದು ರೋಗದ ಗುರುತೋ ಪರಭಾಷೆಯ ಗುರುತೋ ಎಂಬುದನ್ನು ಉತ್ತರಪತ್ರ ತಿಳಿಸುವುದಿಲ್ಲ.

ಗಂಡಾಂತರ ಇನ್ನೂ ಹತ್ತಿರವಾಗಿ ಕಾಣುವುದು ನುಡಿಗಟ್ಟುಗಳಲ್ಲಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಆಡುಮಾತಿನಲ್ಲಿ ‘ಜೀವ ಬ್ಯಾಸರಾಗೇದ’ ಎಂಬ ಮಾತು ದಿನದ ದುಡಿಮೆಯ ದಣಿವಿಗೂ ಸಲ್ಲುತ್ತದೆ, ಆಳವಾದ ಹತಾಶೆಗೂ ಸಲ್ಲುತ್ತದೆ. ಯಾವುದೆಂಬುದನ್ನು ಧ್ವನಿ ಮತ್ತು ಸಂದರ್ಭಗಳು ನಿರ್ಣಯಿಸುತ್ತವೆ. ಅದನ್ನು ‘ಬದುಕು ಬೇಡವಾಗಿದೆ’ ಎಂದು ಪದಶಃ ಭಾಷಾಂತರಿಸಿ ಬರೆದುಕೊಂಡರೆ 89ನೇ ಕಲಂನ ಮೊದಲ ಷರತ್ತು ಕಾಗದದ ಮೇಲೆ ಪೂರೈಸಿದಂತೆ ತೋರಬಹುದು. ಮಗುವಿನ ಮೇಲೆ ರೇಗಿದ ತಾಯಿ ‘ಕೊಂದೇಬಿಡ್ತೀನಿ’ ಎಂದದ್ದು ಎರಡನೆಯ ಷರತ್ತಿಗೆ ಆಧಾರವಾಗಬಹುದು. ಇದರ ವಿರುದ್ಧ ದಿಕ್ಕಿನ ತಪ್ಪು ಇನ್ನೂ ಭೀಕರ. ‘ಕೆರೆಯೋ ಬಾವಿಯೋ ನೋಡಿಕೊಳ್ಳುತ್ತೇನೆ’ ಎಂದು ಒಬ್ಬಾಕೆ ಹೇಳಿದರೆ ಆ ಮಾತಿನ ಅರ್ಥ ಯಾವ ಕನ್ನಡಿಗನಿಗೂ ವಿವರಿಸಬೇಕಾದುದಲ್ಲ. ಪದಶಃ ಅನುವಾದದಲ್ಲಿ ಅದು ನೀರಿನ ಮೂಲಗಳನ್ನು ನೋಡಿಕೊಳ್ಳುವ ಹೊಣೆಯ ಮಾತಾಗಿಬಿಡುತ್ತದೆ; ಸಹಾಯ ಬೇಕಾದವಳು ಮನೆಗೆ ಮರಳುತ್ತಾಳೆ. ಭಾಷೆಯ ಹಕ್ಕು ರೋಗಿಯನ್ನು ಬಿಡಿಸಿಕೊಳ್ಳುವ ಉಪಾಯ ಮಾತ್ರವಲ್ಲ, ಚಿಕಿತ್ಸೆ ಸಲ್ಲಬೇಕಾದವರಿಗೆ ಸಲ್ಲುವಂತೆ ಮಾಡುವ ಉಪಾಯವೂ ಹೌದು.

ಹಾಗಾದರೆ ಈ ಮಾತುಗಳನ್ನು ದಾಟಿಸುವವರು ಯಾರು? ಬಹಳಷ್ಟು ಸಲ ಜೊತೆಗೆ ಬಂದ ಸಂಬಂಧಿ: ಅಣ್ಣ, ಗಂಡ, ಮಗ, ಮೈದುನ. ಆತನೇ ದಾಖಲಾತಿಗೆ ಅರ್ಜಿ ಸಲ್ಲಿಸಿದವನೂ ಆಗಿರಬಹುದು. ದೂರು ಕೊಟ್ಟವನೇ ಆರೋಪಿಯ ಹೇಳಿಕೆಯನ್ನು ಅನುವಾದಿಸುವುದನ್ನು ಯಾವ ನ್ಯಾಯಾಲಯವೂ ಒಪ್ಪದು. ಮನೆಯವರಲ್ಲಿ ಹೆಚ್ಚಿನವರು ಅಕ್ಕರೆಯಿಂದಲೇ ಬಂದವರಾದರೂ, ಆಸ್ತಿ, ಮದುವೆ, ಮರ್ಯಾದೆಗಳ ತಕರಾರು ಇರುವ ಮನೆಯಲ್ಲಿ ಅನುವಾದದ ಒಂದು ಪದ ಒಬ್ಬಾಕೆಯ ತಿಂಗಳನ್ನೇ ನಿರ್ಧರಿಸಬಲ್ಲದು.

4. ಬಂಧನದ ಕಾರಣವನ್ನು ತಿಳಿಸುವುದೆಂದರೆ ಏನು

ಈ ಪ್ರಶ್ನೆಯನ್ನು ಭಾರತೀಯ ನ್ಯಾಯಶಾಸ್ತ್ರ ಬೇರೊಂದು ಸಂದರ್ಭದಲ್ಲಿ ಬಹಳ ಹಿಂದೆಯೇ ಎದುರಿಸಿದೆ. 1962ರ ಹರಿಕಿಸನ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದಲ್ಲಿ ಮುಂಜಾಗ್ರತಾ ಬಂಧನಕ್ಕೊಳಗಾದ ವ್ಯಕ್ತಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ಆತ ಹಿಂದಿಯ ಪ್ರತಿ ಕೇಳಿದ. ಇಂಗ್ಲಿಷ್ ಆಡಳಿತಭಾಷೆ, ಪೊಲೀಸ್ ಅಧಿಕಾರಿ ಬಾಯಿಮಾತಿನಲ್ಲಿ ವಿವರಿಸಿದ್ದಾರೆ ಎಂಬುದು ಸರ್ಕಾರದ ಉತ್ತರ. ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸಂವಿಧಾನದ 22ನೇ ಅನುಚ್ಛೇದದ 5ನೇ ಖಂಡದ ಪ್ರಕಾರ ಕಾರಣ ‘ತಿಳಿಸುವುದು’ ಎಂದರೆ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಅಕ್ಷರಸ್ಥನಾಗಿದ್ದರೆ ಆತ ಓದಬಲ್ಲ ಲಿಪಿಯಲ್ಲಿ ಕೊಡುವುದು ಎಂದು ಹೇಳಿ ಬಂಧನವನ್ನು ರದ್ದುಗೊಳಿಸಿತು. 1981ರ ಲಲ್ಲೂಭಾಯಿ ಜೋಗಿಭಾಯಿ ಪಟೇಲ್ ಪ್ರಕರಣದಲ್ಲಿ, ಗುಜರಾತಿ ಮಾತ್ರ ಬಲ್ಲವನಿಗೆ ಅಧಿಕಾರಿ ಬಾಯಿಮಾತಿನಲ್ಲಿ ಅರ್ಥ ಹೇಳಿದ್ದು ಸಾಲದು, ಲಿಖಿತ ಅನುವಾದ ಕೈಗೆ ಸಿಗಬೇಕು ಎಂಬುದು ಮತ್ತೆ ಸ್ಪಷ್ಟವಾಯಿತು.

ಮನೋವೈದ್ಯಕೀಯ ದಾಖಲಾತಿ ಮುಂಜಾಗ್ರತಾ ಬಂಧನವಲ್ಲ. ಆ ತೀರ್ಪುಗಳು ನೇರವಾಗಿ ಇಲ್ಲಿಗೆ ಅನ್ವಯಿಸುತ್ತವೆಂದು ಹೇಳಲಾಗದು. ಆದರೆ ಅವುಗಳ ಹಿಂದಿನ ತರ್ಕ ಒಂದೇ. ಪ್ರತಿವಾದ ಹೂಡುವ ಹಕ್ಕನ್ನು ಕೊಟ್ಟ ಮೇಲೆ, ಯಾವುದರ ವಿರುದ್ಧ ವಾದಿಸಬೇಕೆಂಬುದನ್ನು ಅರ್ಥವಾಗದ ಲಿಪಿಯಲ್ಲಿಟ್ಟರೆ ಹಕ್ಕು ಟೊಳ್ಳಾಗುತ್ತದೆ. ಮನೋವೈದ್ಯಕೀಯ ದಾಖಲಾತಿಯ ಮಟ್ಟಿಗಂತೂ ಭಾಷೆಯ ಹಕ್ಕನ್ನು ವ್ಯಾಖ್ಯಾನದಿಂದ ಹೊರತೆಗೆಯಬೇಕಾದ ಶ್ರಮವೂ ಇಲ್ಲ. 22ನೇ ಕಲಂ ಅದನ್ನು ಬಾಯಿಬಿಟ್ಟು ಹೇಳಿದೆ.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದೇ ತರ್ಕವನ್ನು ಮನೋವೈದ್ಯಕೀಯಕ್ಕೆ ನೇರವಾಗಿ ವಿಸ್ತರಿಸಿದೆ. 1990ರ ವಾನ್ ಡೆರ್ ಲೀರ್ ವಿರುದ್ಧ ನೆದರ್ಲೆಂಡ್ಸ್ ತೀರ್ಪಿನಲ್ಲಿ, ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಕಾರಣ ತಿಳಿಸಬೇಕೆಂಬ ನಿಯಮ ಅಪರಾಧ ಪ್ರಕರಣಗಳಿಗಷ್ಟೇ ಸೀಮಿತವಲ್ಲ, ಆಸ್ಪತ್ರೆಯಲ್ಲಿ ಇರಿಸಲ್ಪಟ್ಟವರಿಗೂ ಸಲ್ಲುತ್ತದೆ ಎಂದಿತು. ಆ ಪ್ರಕರಣದ ಮಹಿಳೆಗೆ ತಾನು ಬಂಧಿತಳೆಂಬುದು ಗೊತ್ತಾದದ್ದೇ ಕೆಲ ದಿನಗಳ ಬಳಿಕ, ಏಕಾಂತ ಕೋಣೆಗೆ ಹಾಕಿದಾಗ.

ಭಾಷಾ ಅಲ್ಪಸಂಖ್ಯಾತರ ದೃಷ್ಟಿಯಿಂದ ಇನ್ನೂ ಮಹತ್ತ್ವದ್ದು 2019ರ ಜನವರಿ 31ರಂದು ಅದೇ ನ್ಯಾಯಾಲಯದ ಮಹಾಪೀಠ ನೀಡಿದ ರೂಮನ್ ವಿರುದ್ಧ ಬೆಲ್ಜಿಯಂ ತೀರ್ಪು. ಡಚ್, ಫ್ರೆಂಚ್, ಜರ್ಮನ್ ಮೂರೂ ಬೆಲ್ಜಿಯಂನ ಅಧಿಕೃತ ಭಾಷೆಗಳು. ಅವುಗಳಲ್ಲಿ ಜರ್ಮನ್ ಆಡುವವರು ತೀರ ಚಿಕ್ಕ ಸಮುದಾಯ. ಜರ್ಮನ್ ಮಾತ್ರ ಬಲ್ಲ ವ್ಯಕ್ತಿಯನ್ನು 2004ರಿಂದ ಫ್ರೆಂಚ್ ಭಾಷಿಕ ಮನೋವೈದ್ಯಕೀಯ ಸಂಸ್ಥೆಯೊಂದರಲ್ಲಿ ಬಂಧನದಲ್ಲಿಡಲಾಗಿತ್ತು. ಆತನ ಭಾಷೆ ಬಲ್ಲ ಚಿಕಿತ್ಸಕರು ಇರಲಿಲ್ಲವಾದ್ದರಿಂದ ಚಿಕಿತ್ಸೆ ನಡೆಯಲಿಲ್ಲ. ಚಿಕಿತ್ಸೆ ನಡೆಯಲಿಲ್ಲವಾದ್ದರಿಂದ ಬಿಡುಗಡೆಯ ದಾರಿ ತೆರೆಯಲಿಲ್ಲ. 2017ರ ಆಗಸ್ಟ್‌ವರೆಗಿನ ಈ ಸ್ಥಿತಿ ಅಮಾನವೀಯ ಹಾಗೂ ಅವಮಾನಕರ ವರ್ತನೆಯ ನಿಷೇಧವನ್ನೂ ಸ್ವಾತಂತ್ರ್ಯದ ಹಕ್ಕನ್ನೂ ಉಲ್ಲಂಘಿಸಿತೆಂದು ನ್ಯಾಯಾಲಯ ತೀರ್ಮಾನಿಸಿತು. ತಾಯ್ನುಡಿಯಲ್ಲೇ ಚಿಕಿತ್ಸೆ ಪಡೆಯುವುದು ಸ್ವತಂತ್ರವಾದೊಂದು ಹಕ್ಕೆಂದು ಅದು ಸಾರಲಿಲ್ಲ. ಅದರ ವಾದ ಸರಳ: ಚಿಕಿತ್ಸೆಯ ಹೆಸರಿನಲ್ಲಿ ಸ್ವಾತಂತ್ರ್ಯವನ್ನು ಕಸಿದುಕೊಂಡ ಮೇಲೆ, ಭಾಷೆಯ ಅಡ್ಡಿಯಿಂದ ಆ ಚಿಕಿತ್ಸೆಯೇ ಅಸಾಧ್ಯವಾದರೆ, ಬಂಧನಕ್ಕಿದ್ದ ಸಮರ್ಥನೆ ಉಳಿಯುವುದಿಲ್ಲ.

5. ಗಡಿ ಸರಿದಾಗ ಆಸ್ಪತ್ರೆಯೂ ದೂರವಾಯಿತು

ಗಡಿನಾಡ ಕನ್ನಡಿಗರ ಸ್ಥಿತಿಗೆ ಆಡಳಿತದ ಇತಿಹಾಸ ಒಂದು ವಿಶಿಷ್ಟ ರೂಪ ಕೊಟ್ಟಿದೆ. 19ನೇ ಶತಮಾನದಲ್ಲೇ ಸ್ಥಾಪನೆಯಾದ ಧಾರವಾಡದ ಮಾನಸಿಕ ಆಸ್ಪತ್ರೆ ಮುಂಬಯಿ ಪ್ರಾಂತದಲ್ಲಿತ್ತು. ಸೊಲ್ಲಾಪುರವೂ ಅದೇ ಪ್ರಾಂತದಲ್ಲಿತ್ತು. ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿದ್ದು, ಮಂಗಳೂರು ಅದರ ಜಿಲ್ಲಾಕೇಂದ್ರವಾಗಿತ್ತು. ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರಲ್ಲಿ ಆಂಧ್ರ ರಾಜ್ಯದ ರಚನೆ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಗಳು ಈ ನಂಟುಗಳನ್ನು ಕಡಿದವು. ಜನ ತಮ್ಮ ಊರಲ್ಲೇ ಉಳಿದರು. ಅವರ ಸರ್ಕಾರಿ ಆಸ್ಪತ್ರೆ ಬೇರೆಡೆಗೆ ಹೋಯಿತು.

ಇಂದು ಕಾಸರಗೋಡು ಮತ್ತು ವಯನಾಡುಗಳಿಗೆ ಹತ್ತಿರದ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರ ಕೋಳಿಕ್ಕೋಡಿನ ಕುದಿರವಟ್ಟಂನಲ್ಲಿದೆ. ಮಹಾರಾಷ್ಟ್ರದ ಹಳೆಯ ನಾಲ್ಕು ಪ್ರಾದೇಶಿಕ ಮನೋರುಗ್ಣಾಲಯಗಳಾದ ಠಾಣೆ, ಯರವಾಡ, ನಾಗಪುರ, ರತ್ನಾಗಿರಿಗಳೆಲ್ಲವೂ ಕನ್ನಡ ಭಾಗದಿಂದ ದೂರ. ತಮಿಳುನಾಡಿನ ಪ್ರಮುಖ ಸಂಸ್ಥೆ ಚೆನ್ನೈನ ಕೀಲ್ಪಾಕದಲ್ಲಿದ್ದರೆ, ಆಂಧ್ರದ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆ ಬಂಗಾಳ ಕೊಲ್ಲಿಯ ದಂಡೆಯ ವಿಶಾಖಪಟ್ಟಣದಲ್ಲಿದೆ. ತೆಲಂಗಾಣದ್ದು ಹೈದರಾಬಾದಿನ ಎರ್ರಗಡ್ಡದಲ್ಲಿ, ಗೋವೆಯದು ಬಾಂಬೋಳಿಯಲ್ಲಿ. ಹೊಸೂರು, ಮಡಕಶಿರಾಗಳ ಜನರಿಗೆ ಬೆಂಗಳೂರಿನ ನಿಮ್ಹಾನ್ಸ್ ಹತ್ತಿರ. ಕಾಸರಗೋಡಿನವರಿಗೆ ಮಂಗಳೂರು ಹತ್ತಿರ. ಕೈಯಲ್ಲಿ ಹಣ, ಜೊತೆಗೆ ಜನ ಇರುವವರು ಗಡಿ ದಾಟಿ ತಮ್ಮ ಭಾಷೆಯ ಆಸ್ಪತ್ರೆಗೆ ಹೋಗುತ್ತಾರೆ. ಆದರೆ ಪೊಲೀಸರು ಕರೆದೊಯ್ದವರಿಗೂ, ದಂಡಾಧಿಕಾರಿಯ ಆದೇಶದ ಮೇಲೆ ಕಳುಹಿಸಲ್ಪಟ್ಟವರಿಗೂ, ಅಲೆದಾಡುತ್ತ ಸಿಕ್ಕವರಿಗೂ ಈ ಆಯ್ಕೆಯಿಲ್ಲ. ಅವರು ತಮ್ಮ ರಾಜ್ಯದ ವ್ಯವಸ್ಥೆಯೊಳಗೇ ಚಲಿಸುತ್ತಾರೆ. ಎಂದರೆ ಇಚ್ಛೆ ಕಡಿಮೆಯಾದಷ್ಟೂ ಭಾಷೆಯ ಅಂತರ ಹೆಚ್ಚುತ್ತದೆ.

ಇಲ್ಲಿಯೇ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳಿಗೂ 22ನೇ ಕಲಂಗೂ ಇರುವ ತಾತ್ತ್ವಿಕ ಭೇದವನ್ನು ಗುರುತಿಸಬೇಕು. ಭಾಷಾ ಅಲ್ಪಸಂಖ್ಯಾತರಿಗೆ ದೊರೆತಿರುವ ಆಡಳಿತ ಸೌಲಭ್ಯಗಳು ಬಹುಮಟ್ಟಿಗೆ ಪ್ರದೇಶಾಧಾರಿತ. ತಾಲ್ಲೂಕು ಅಥವಾ ಪುರಸಭೆಯ ಜನಸಂಖ್ಯೆಯಲ್ಲಿ ಶೇಕಡಾ 15ರಷ್ಟಿದ್ದರೆ ಮುಖ್ಯ ಪ್ರಕಟಣೆಗಳ ಅನುವಾದ, ಜಿಲ್ಲೆಯಲ್ಲಿ ಶೇಕಡಾ 60ರಷ್ಟಿದ್ದರೆ ಹೆಚ್ಚುವರಿ ಆಡಳಿತಭಾಷೆಯ ಸ್ಥಾನ ಎಂಬಂಥ ಮಾನದಂಡಗಳು ಅವುಗಳ ಆಧಾರ. ಕೇರಳದ 1969ರ ಆಡಳಿತಭಾಷಾ ಕಾಯ್ದೆ ಕನ್ನಡಿಗರಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆಯಾದರೂ, ಸ್ಥಳೀಯ ಕಚೇರಿಗಳ ಮಟ್ಟಿಗೆ ಅದು ಘೋಷಿತ ಅಲ್ಪಸಂಖ್ಯಾತ ಪ್ರದೇಶಗಳಿಗೆ ಸಂಬಂಧಿಸಿದ್ದು. ಮಂಜೇಶ್ವರದ ಕಚೇರಿಯಲ್ಲಿ ಕನ್ನಡ ಫಲಕ ಕಾಣುವವನು ಕೋಳಿಕ್ಕೋಡಿನ ವಾರ್ಡಿನೊಳಗೆ ಹೋದೊಡನೆ ಅಲ್ಪಸಂಖ್ಯಾತ ಪ್ರದೇಶದಿಂದ ಹೊರಬಿದ್ದಿರುತ್ತಾನೆ. 22ನೇ ಕಲಂನ ಹಕ್ಕು ಹಾಗಲ್ಲ. ಅದು ವ್ಯಕ್ತಿಗೆ ಅಂಟಿಕೊಂಡು ಬರುತ್ತದೆ. ಆತನ ಊರಿನಲ್ಲಿ ಎಷ್ಟು ಮಂದಿ ಕನ್ನಡಿಗರಿದ್ದಾರೆಂದು ಕೇಳುವುದಿಲ್ಲ. ಜನಗಣತಿಯ ಶೇಕಡಾವಾರು ಲೆಕ್ಕದಲ್ಲಿ ಎಂದೂ ಗೆಲ್ಲಲಾಗದ ಚದುರಿದ ಸಮುದಾಯಗಳಿಗೆ ಈ ಹಕ್ಕು ದೊಡ್ಡದು. ಸಾಮಾನ್ಯ ಆಸ್ಪತ್ರೆಗಳ ಮನೋವೈದ್ಯಕೀಯ ವಾರ್ಡುಗಳೂ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಜಿಲ್ಲಾಮಟ್ಟದಲ್ಲೂ ಇದು ಅನ್ವಯಿಸುತ್ತದೆ.

6. ಯಾವ ಕನ್ನಡ?

ಹಕ್ಕು ಕನ್ನಡದಲ್ಲಿ ಸಲ್ಲಬೇಕೆಂದಾಗ ‘ಯಾವ ಕನ್ನಡ’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ‘ನಾಮನಿರ್ದೇಶಿತ ಪ್ರತಿನಿಧಿ’, ‘ಪುನರಾವಲೋಕನ ಮಂಡಳಿ’, ‘ಮುಂಗಡ ನಿರ್ದೇಶನ’ ಎಂಬ ಪದಗಳು, ಈ ಲೇಖನದಲ್ಲಿಯೂ ಬಳಕೆಯಾಗಿರುವಂತೆ, ವಿದ್ವತ್ತಿನ ಕನ್ನಡಕ್ಕೆ ಒಗ್ಗುತ್ತವೆ. ತಾಳವಾಡಿಯ ರೈತನಿಗಾಗಲಿ, ತಮಿಳಿನಲ್ಲಿ ಓದಿದ ಆತನ ಮಗಳಿಗಾಗಲಿ ಇವು ಇಂಗ್ಲಿಷಿನಷ್ಟೇ ದೂರ. ಕಾಯ್ದೆ ಭಾಷೆಯ ಜೊತೆಗೆ ‘ರೂಪ’ ಎಂಬ ಪದವನ್ನೂ ಸೇರಿಸಿರುವುದು ಇಲ್ಲಿ ಸಾರ್ಥಕವಾಗುತ್ತದೆ. ‘ನಿಮ್ಮ ಪರವಾಗಿ ಮಾತಾಡುವವರು’,‘ನಿಮ್ಮನ್ನು ಇಲ್ಲಿಟ್ಟದ್ದು ಸರಿಯೇ ಎಂದು ನೋಡುವ ಜಡ್ಜರ ಕಮಿಟಿ’, ‘ಮುಂದೆ ಹುಷಾರು ತಪ್ಪಿದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ಬರೆದಿಡುವ ಕಾಗದ’ ಎಂದರೆ ವಿಷಯ ತಲುಪುತ್ತದೆ. ಗಡಿಭಾಗದ ತರುಣರಲ್ಲಿ ಕನ್ನಡ ಆಡಬಲ್ಲರಾದರೂ ಓದಲಾರದವರು ಇರುವುದರಿಂದ ಲಿಖಿತ ಪ್ರತಿಯ ಜೊತೆಗೆ ಧ್ವನಿಮುದ್ರಿತ ರೂಪವೂ ಬೇಕು. ನೀಲಗಿರಿಯ ಬಡಗರಿಗೆ, ಕಾಸರಗೋಡಿನ ತುಳುವರಿಗೆ ಕನ್ನಡವನ್ನೇ ಅವರ ಭಾಷೆಯೆಂದು ಗ್ರಹಿಸಿದರೆ ಬಹುಸಂಖ್ಯಾತರು ಮಾಡುವ ತಪ್ಪನ್ನೇ ಕನ್ನಡವೂ ಮಾಡಿದಂತಾಗುತ್ತದೆ.

ಪದಗಳ ಹಿಂದಿನ ಸಂಸ್ಕೃತಿಯೂ ಗಣನೀಯ. ಹಳೆಯ ತಲೆಮಾರಿನ ಕನ್ನಡ ಮನೆಗಳಲ್ಲಿ ಮಗು ಬದುಕಿ ಉಳಿಯಲೆಂದು ಹುಚ್ಚಪ್ಪ, ಹುಚ್ಚಮ್ಮ ಎಂದು ಹೆಸರಿಡುವ ರೂಢಿಯಿತ್ತು. ‘ಮರುಳ’ ಎಂಬ ಪದ ಶರಣ ಪರಂಪರೆಯಲ್ಲಿ ಪೂಜ್ಯವೂ ಹೌದು. ತುಳುನಾಡಿನಲ್ಲಿ ದರ್ಶನ ಬರುವುದು, ಬಯಲುಸೀಮೆಯಲ್ಲಿ ಮೈಮೇಲೆ ದೇವರು ಬರುವುದು ಸಮುದಾಯದ ಒಪ್ಪಿತ ಆಚರಣೆಗಳು. ಇವು ರೋಗವನ್ನು ಮುಚ್ಚಿಡಲು ನೆಪವಾಗಬಾರದು. ಹಾಗೆಯೇ, ರೋಗವೆಂದು ಬರೆದುಕೊಳ್ಳಲೂ ಕಾರಣವಾಗಬಾರದು. ಸಾಮಾಜಿಕ ಸ್ಥಾನಮಾನ, ಸಾಂಸ್ಕೃತಿಕ ಅಥವಾ ಧಾರ್ಮಿಕ ಗುಂಪಿನ ಸದಸ್ಯತ್ವ ಮುಂತಾದವು ರೋಗನಿರ್ಣಯಕ್ಕೆ ಆಧಾರವಾಗಕೂಡದೆಂದು 3ನೇ ಕಲಂ ಹೇಳುವುದು ಈ ಅರ್ಥದಲ್ಲಿ.

7. ಪರವಾಗಿ ನಿಲ್ಲುವವರು

ಹಕ್ಕು ಪುಸ್ತಕದಿಂದ ವಾರ್ಡಿಗೆ ಬರಬೇಕಾದರೆ ರೋಗಿಯ ಪರವಾಗಿ ನಿಲ್ಲುವವರು ಬೇಕು. ಕಾಯ್ದೆ ಇದಕ್ಕೆ ಮೂರು ದಾರಿಗಳನ್ನು ಇಟ್ಟಿದೆ. ಮೊದಲನೆಯದು 27ನೇ ಕಲಂನ ಉಚಿತ ಕಾನೂನು ನೆರವು. ದಂಡಾಧಿಕಾರಿ, ಪೊಲೀಸ್ ಅಧಿಕಾರಿ, ಆಸ್ಪತ್ರೆಯ ಹೊಣೆ ಹೊತ್ತ ವೈದ್ಯಾಧಿಕಾರಿ ಇವರು ರೋಗಿಗೆ ಆ ಹಕ್ಕನ್ನು ತಿಳಿಸಲು ಬದ್ಧರು. ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100. ಎರಡನೆಯದು, ಈಗಾಗಲೇ ಹೇಳಿದಂತೆ, ರೋಗಿಯ ಒಪ್ಪಿಗೆಯಿಂದ ನೋಂದಾಯಿತ ಸಂಸ್ಥೆ ಮಂಡಳಿಯ ಮುಂದೆ ಹೋಗುವುದು. ಮೂರನೆಯದು ನಾಮನಿರ್ದೇಶಿತ ಪ್ರತಿನಿಧಿ. 14ನೇ ಕಲಂ ಪ್ರಕಾರ ಈ ನೇಮಕಕ್ಕೆ ಸಾದಾ ಕಾಗದದ ಮೇಲಿನ ಬರಹ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಸಾಕು. ಆ ಬರಹ ಕನ್ನಡದಲ್ಲಿರಲು ಕಾಯ್ದೆಯಲ್ಲಿ ಅಡ್ಡಿಯಿಲ್ಲ. ಮುಂಗಡ ನಿರ್ದೇಶನದಲ್ಲಿ ‘ನನ್ನನ್ನು ಕನ್ನಡ ಬಲ್ಲವರು ಪರೀಕ್ಷಿಸಬೇಕು, ನನ್ನ ಮಾತನ್ನು ಇಂಥವರು ಅನುವಾದಿಸಬಾರದು’ ಎಂಬ ಇಚ್ಛೆಯನ್ನೂ ದಾಖಲಿಸಬಹುದು. ತುರ್ತು ಚಿಕಿತ್ಸೆಗೆ ಮಾತ್ರ ಅದು ಅನ್ವಯಿಸುವುದಿಲ್ಲ.

ಆದರೆ ಕೊರತೆಗಳೂ ಸ್ಪಷ್ಟವಾಗಿವೆ. ದುಭಾಷಿಯನ್ನು ಒದಗಿಸಬೇಕೆಂದು 22ನೇ ಕಲಂ ಪ್ರತ್ಯೇಕವಾಗಿ ವಿಧಿಸಿಲ್ಲ. 1991ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮನೋರೋಗಿಗಳ ರಕ್ಷಣೆಯ ತತ್ತ್ವಗಳು ಅಗತ್ಯವಿದ್ದಾಗ ಉಚಿತವಾಗಿ ದುಭಾಷಿಯನ್ನು ಕೊಡಬೇಕೆಂದು ಹೇಳಿದ್ದವು. ನಾಮನಿರ್ದೇಶಿತ ಪ್ರತಿನಿಧಿಯೇ ದಾಖಲಾತಿಯ ಅರ್ಜಿದಾರನೂ ಆಗಿರುವುದರಿಂದ ಆತನನ್ನು ಪೂರ್ಣವಾಗಿ ರೋಗಿಯ ಪಕ್ಷದವನೆನ್ನಲಾಗದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳು 2007ರ ಕಾಯ್ದೆಯ ಮೂಲಕ ಕುಟುಂಬಕ್ಕೂ ಆಸ್ಪತ್ರೆಗೂ ಸೇರದ ಸ್ವತಂತ್ರ ಮಾನಸಿಕ ಆರೋಗ್ಯ ಪ್ರತಿಪಾದಕರ ವ್ಯವಸ್ಥೆಯನ್ನು ತಂದದ್ದು ಈ ಅಂತರವನ್ನು ತುಂಬಲು. ವೇಲ್ಸ್ 2012ರಿಂದ ಆರೋಗ್ಯ ಸೇವೆಯಲ್ಲಿ ಇನ್ನೊಂದು ತತ್ತ್ವವನ್ನು ಮುಂದಿಟ್ಟಿದೆ: ವೆಲ್ಷ್ ಭಾಷೆಯ ಸೇವೆಯನ್ನು ರೋಗಿ ಕೇಳುವವರೆಗೆ ಕಾಯದೆ ತಾವಾಗಿಯೇ ನೀಡಮುಂದಾಗುವುದು. ಅಸ್ವಸ್ಥನಾದವನು ಭಾಷೆಗಾಗಿ ಹೋರಾಡುವ ಸ್ಥಿತಿಯಲ್ಲಿರುವುದಿಲ್ಲ ಎಂಬ ಸರಳ ಅರಿವೇ ಅದರ ತಳಹದಿ.

ಭಾರತದಲ್ಲಿ ಇದು ಅಸಾಧ್ಯವೇನಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, 14416, ಕರೆ ಮಾಡಿದವರಿಗೆ ಭಾಷೆಯನ್ನು ಆರಿಸಿಕೊಳ್ಳಲು ಅವಕಾಶ ಕೊಡುತ್ತದೆ. ದೂರವಾಣಿಯಲ್ಲಿ ಸಾಧ್ಯವಾದದ್ದು ಸಾಮರ್ಥ್ಯದ ಪರೀಕ್ಷೆಯ ಹೊತ್ತಿನಲ್ಲೂ, ಮಂಡಳಿಯ ವಿಚಾರಣೆಯ ಹೊತ್ತಿನಲ್ಲೂ ಸಾಧ್ಯವಾಗಬೇಕು. ನಿಮ್ಹಾನ್ಸ್ ಮತ್ತು ಧಾರವಾಡದ ಸಂಸ್ಥೆಗಳಲ್ಲಿ ಕನ್ನಡ ಬಲ್ಲ ಮನೋವೈದ್ಯರಿದ್ದಾರೆ. ನೆರೆರಾಜ್ಯದ ವಾರ್ಡಿಗೆ ಅವರ ನೆರವನ್ನು ದೃಶ್ಯಕರೆಯ ಮೂಲಕ ಜೋಡಿಸುವುದು ತಾಂತ್ರಿಕ ಸಮಸ್ಯೆಯಲ್ಲ, ಆಡಳಿತಗಳ ನಡುವಿನ ಒಪ್ಪಂದದ ಸಮಸ್ಯೆ. ಗಡಿಭಾಗದ ಕನ್ನಡ ಸಂಘಗಳು, ಅಧ್ಯಯನ ಕೇಂದ್ರಗಳು, ವಕೀಲರು ಮಾಡಬಹುದಾದ ಕೆಲಸಗಳು ಇನ್ನೂ ಹತ್ತಿರದವು: 22 ಮತ್ತು 27ನೇ ಕಲಂಗಳ ತಿಳಿವಳಿಕೆಯನ್ನು ಆಯಾ ಸೀಮೆಯ ಆಡುಗನ್ನಡದಲ್ಲಿ ಒಂದು ಪುಟಕ್ಕಿಳಿಸಿ ಆಸ್ಪತ್ರೆಗಳಿಗೆ ಒದಗಿಸುವುದು, ರೋಗಿಯ ಮನೆಯವರಲ್ಲದ, ಗೋಪ್ಯತೆಗೆ ಬದ್ಧರಾದ ದುಭಾಷಿಗಳ ಪಟ್ಟಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡುವುದು, ಸಂಕಟವನ್ನು ಹೇಳುವ ಕನ್ನಡ ನುಡಿಗಟ್ಟುಗಳ ಕೋಶವನ್ನು ಮಲಯಾಳ, ತಮಿಳು, ಮರಾಠಿ, ತೆಲುಗು ವೈದ್ಯರಿಗಾಗಿ ಸಿದ್ಧಪಡಿಸುವುದು. ಕೊನೆಯ ಕೆಲಸಕ್ಕೆ ದ್ವಿಭಾಷಾ ವಿದ್ವಾಂಸರಿಗಿಂತ ಯೋಗ್ಯರು ಬೇರೆ ಸಿಗಲಾರರು.

8. ಉಳಿಯುವ ಪ್ರಶ್ನೆ

ಭಾಷೆ ಸರಿಹೋದ ಮಾತ್ರಕ್ಕೆ ಬಲವಂತದ ಪ್ರಶ್ನೆ ಬಗೆಹರಿಯುವುದಿಲ್ಲವೆಂಬ ಆಕ್ಷೇಪ ನ್ಯಾಯವಾದುದು. ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 14ನೇ ಅನುಚ್ಛೇದವು ಅಂಗವೈಕಲ್ಯದ ಇರುವಿಕೆ ಸ್ವಾತಂತ್ರ್ಯಹರಣಕ್ಕೆ ಎಂದೂ ಸಮರ್ಥನೆಯಾಗದು ಎನ್ನುತ್ತದೆ. ಅದರ ಬೆಳಕಿನಲ್ಲಿ, ಪುಣೆಯ ಬಾಪು ಟ್ರಸ್ಟ್ ಸ್ಥಾಪಿಸಿದ ಭಾರ್ಗವಿ ದಾವರ್ ಮೊದಲಾದವರು ಬಲವಂತದ ಚಿಕಿತ್ಸೆಯನ್ನೇ ವಿರೋಧಿಸಿ ಸಮುದಾಯಾಧಾರಿತ ಪರ್ಯಾಯಗಳನ್ನು ಕಟ್ಟಲು ದುಡಿದರು. ಇತ್ತ ಅನೇಕ ಕುಟುಂಬಗಳೂ ವೈದ್ಯರೂ, ತೀವ್ರ ಅಸ್ವಸ್ಥತೆಯಲ್ಲಿ ಜೀವ ಉಳಿಸಲು ಅಲ್ಪಾವಧಿಯ ದಾಖಲಾತಿ ಅನಿವಾರ್ಯವೆನ್ನುತ್ತಾರೆ. ಈ ವಾದ ಮುಗಿಯುವುದು ಸುಲಭವಲ್ಲ. ಆದರೆ ಎರಡೂ ಪಕ್ಷಗಳು ಒಪ್ಪಲೇಬೇಕಾದ ಒಂದು ನೆಲೆಯಿದೆ. ಬಲವಂತವನ್ನು ವಿರೋಧಿಸುವವರಿಗೆ ರೋಗಿಯ ಇಚ್ಛೆ ಮುಖ್ಯ. ಇಚ್ಛೆಯನ್ನು ತಿಳಿಯಲು ಆತನ ಮಾತು ಅರ್ಥವಾಗಬೇಕು. ಅನಿವಾರ್ಯವೆನ್ನುವವರಿಗೆ ಅಪಾಯದ ನಿಖರ ಅರಿವು ಮುಖ್ಯ. ಅದಕ್ಕೂ ಆತನ ಮಾತು ಅರ್ಥವಾಗಬೇಕು.

ಮಂಡಳಿಯ ಮುಂದೆ ಬರುವ ಪ್ರತಿಯೊಂದು ವರದಿಯಲ್ಲೂ ಎರಡು ಸಾಲುಗಳನ್ನು ಕಡ್ಡಾಯಗೊಳಿಸಿದರೆ ಆರಂಭಕ್ಕೆ ಸಾಕು: ಈ ವ್ಯಕ್ತಿಯ ಭಾಷೆ ಯಾವುದು, ಆತನಿಗೆ ಆತನ ಹಕ್ಕುಗಳನ್ನು ಯಾರು, ಯಾವ ಭಾಷೆಯಲ್ಲಿ ತಿಳಿಸಿದರು. ಆ ಎರಡು ಸಾಲುಗಳು ಖಾಲಿ ಉಳಿದಿರುವ ವರದಿಯನ್ನು ಮಂಡಳಿ ಹಿಂದಕ್ಕೆ ಕಳುಹಿಸಿದ ದಿನ 22ನೇ ಕಲಂನ ನಾಲ್ಕನೆಯ ಉಪವಾಕ್ಯ ಜಾರಿಗೆ ಬಂದಿತೆನ್ನಬಹುದು.